ಕೋರ್ಟಿಗೆ ಒಯ್ಯಲಾಗದ ಕರಾರು: ನೈಜೀರಿಯಾದ ಗಾಡ್‌ಫಾದರ್‌ಗಳು

2003ರ ಜುಲೈ 10ರಂದು ನೈಜೀರಿಯಾದ ಅನಾಂಬ್ರಾ ರಾಜ್ಯದ ರಾಜಧಾನಿ ಆವ್ಕಾದಲ್ಲಿ ಪೊಲೀಸರು ಗವರ್ನರನ್ನೇ ಎತ್ತಿಕೊಂಡು ಹೋದರು. ತಂಡದ ಮುಂದಾಳು ಸಹಾಯಕ ಐಜಿ ದರ್ಜೆಯ ಅಧಿಕಾರಿ. ಗವರ್ನರ್ ಕ್ರಿಸ್ ಎನ್‌ಗಿಗೆ ಪ್ರಮಾಣವಚನ ತೆಗೆದುಕೊಂಡು ಅಂದಿಗೆ ಸರಿಯಾಗಿ 42 ದಿನ. ಇತ್ತ ಅವರು ಪೊಲೀಸರ ವಶದಲ್ಲಿದ್ದಾಗ ಅತ್ತ ವಿಧಾನಸಭೆಯಲ್ಲಿ ಅವರ ಹೆಸರಿನ ರಾಜೀನಾಮೆ ಪತ್ರ ಓದಿ ಅಂಗೀಕರಿಸಿಯೂ ಆಗಿತ್ತು. ಉಪಗವರ್ನರ್ ಕುರ್ಚಿಗೆ ಏರಲು ತಯಾರಾಗಿದ್ದರು. ನಾನು ರಾಜೀನಾಮೆಯನ್ನೇ ಕೊಟ್ಟಿಲ್ಲ ಎಂದ ಎನ್‌ಗಿಗೆ ಆ ದಿನವೇ ಬಿಡುಗಡೆಯಾಗಿ ಮತ್ತೆ ಕಚೇರಿಗೆ ಬಂದರು.

ಇದನ್ನು ಮಾಡಿಸಿದವರು ಎಂದು ಎಲ್ಲರೂ ಬೊಟ್ಟು ಮಾಡಿದ ಕ್ರಿಸ್ ಉಬಾ ಶಾಸಕರಲ್ಲ, ಮಂತ್ರಿಯಲ್ಲ. ಆ ರಾಜ್ಯದಲ್ಲಿ ಆ ವರ್ಷ ಗೆದ್ದವರನ್ನೆಲ್ಲ ಗೆಲ್ಲಿಸಿದ್ದು ತಾನೊಬ್ಬನೇ ಎಂದು ಪತ್ರಿಕೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡ ದುಡ್ಡಿನ ಕುಳ. ಜಗಳ ಇದ್ದದ್ದು ಎರಡು ವಿಷಯಕ್ಕೆ: ಕಮಿಷನರ್‌ಗಳನ್ನು (ನಮ್ಮ ಲೆಕ್ಕದಲ್ಲಿ ರಾಜ್ಯದ ಮಂತ್ರಿಗಳು) ಯಾರು ಆರಿಸಬೇಕು, ಚುನಾವಣೆಗೆ ಹಾಕಿದ ಹಣ ಬೊಕ್ಕಸದಿಂದ ಹೇಗೆ ವಾಪಸು ಬರಬೇಕು.

ಆಫ್ರಿಕಾದ ರಾಜಕೀಯವನ್ನು ದೂರದಿಂದ ನೋಡುವವರು ಇದನ್ನು ರೌಡಿಸಂ ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ನನಗೆ ಇದು ಸಾಲ ವಸೂಲಿಯ ಸಮಸ್ಯೆಯಾಗಿ ಕಾಣುತ್ತದೆ. ಒಬ್ಬ ಕೋಟಿಗಟ್ಟಲೆ ಸುರಿದು ಇನ್ನೊಬ್ಬನನ್ನು ಗವರ್ನರ್ ಮಾಡುತ್ತಾನೆ, ಅವನೇ ಗಾಡ್‌ಫಾದರ್. ಮರುಪಾವತಿಯ ಕರಾರು ಕಾನೂನಿನ ಕಣ್ಣಿಗೆ ಕರಾರೇ ಅಲ್ಲ. ಸಾಲದ್ದಕ್ಕೆ, ನೈಜೀರಿಯಾದ 1999ರ ಸಂವಿಧಾನದ 308ನೇ ವಿಧಿಯ ಪ್ರಕಾರ ಅಧಿಕಾರದಲ್ಲಿರುವ ಗವರ್ನರ್ ಮೇಲೆ ವೈಯಕ್ತಿಕವಾಗಿ ಸಿವಿಲ್ ದಾವೆಯನ್ನಾಗಲಿ ಕ್ರಿಮಿನಲ್ ಮೊಕದ್ದಮೆಯನ್ನಾಗಲಿ ಹೂಡುವಂತಿಲ್ಲ. ಸಾಲ ಕೊಟ್ಟವನಿಗೆ ನಾಲ್ಕು ವರ್ಷ, ಎರಡು ಅವಧಿಯಾದರೆ ಎಂಟು ವರ್ಷ, ಕೋರ್ಟಿನ ಬಾಗಿಲು ಮುಚ್ಚಿತು. ಆ ದೇಶದ ಗಾಡ್‌ಫಾದರ್ ರಾಜಕೀಯದಲ್ಲಿ ವಿಚಿತ್ರವೆನಿಸುವ ಪ್ರತಿಯೊಂದೂ, ಅಂದರೆ ಆಣೆ, ಮೊದಲೇ ಬರೆಸಿಕೊಂಡ ಪತ್ರ, ಮಧ್ಯರಾತ್ರಿಯ ವಾಗ್ದಂಡನೆ, ಸುಟ್ಟುಹೋದ ವಿಧಾನಸಭೆ, ಇವೆಲ್ಲ ಕೋರ್ಟಿಲ್ಲದ ವಸೂಲಿಗೆ ಕಂಡುಕೊಂಡ ದಾರಿಗಳು.

ಅಷ್ಟು ಹಣ ಸುರಿಯಲು ಅಲ್ಲಿ ಏನಿದೆ? ಗವರ್ನರ್ ಎಂದ ಕೂಡಲೇ ನಮ್ಮ ರಾಜ್ಯಪಾಲರನ್ನು ನೆನಪಿಸಿಕೊಳ್ಳಬೇಡಿ. ನೈಜೀರಿಯಾದ 36 ರಾಜ್ಯಗಳಲ್ಲಿ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುವವನು, ಶಾಸಕರ ಬಹುಮತದ ಹಂಗು ದಿನನಿತ್ಯ ಇಲ್ಲದವನು. ಪ್ರತಿ ತಿಂಗಳು ರಾಜಧಾನಿ ಅಬುಜಾದಲ್ಲಿ ಎಫ್‌ಎಎಸಿ ಎಂಬ ಸಮಿತಿ ಕೂತು ತೈಲ ಮತ್ತು ತೆರಿಗೆಯ ಹಣ ಹಂಚುತ್ತದೆ. ತೈಲ ತೆಗೆಯುವ ರಾಜ್ಯಗಳಿಗೆ ತೈಲದ ಆದಾಯದಲ್ಲಿ 13% ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಒಕ್ಕೂಟಕ್ಕೆ 52.68%, ರಾಜ್ಯಗಳಿಗೆ 26.72%, 774 ಸ್ಥಳೀಯ ಸರ್ಕಾರಗಳಿಗೆ 20.60%. ಸ್ಥಳೀಯ ಸರ್ಕಾರಗಳ ಪಾಲು ನೇರವಾಗಿ ಅವುಗಳ ಕೈಗೆ ಹೋಗುತ್ತಿರಲಿಲ್ಲ. 162ನೇ ವಿಧಿ ಹೇಳುವ ರಾಜ್ಯದ ಜಂಟಿ ಖಾತೆಗೆ ಬೀಳುತ್ತಿತ್ತು, ಆ ಖಾತೆಯ ಬೀಗದ ಕೈ ಗವರ್ನರ್ ಸೊಂಟದಲ್ಲಿತ್ತು. ನೇರವಾಗಿ ಕೊಡಿ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 11ರಂದು ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಎರಡು ದಶಕ ನಡೆದದ್ದು ಹೀಗೆಯೇ. ಇದರ ಮೇಲೆ ‘ಸೆಕ್ಯುರಿಟಿ ವೋಟ್’ ಎಂಬ ಬಾಬ್ತು: ಭದ್ರತೆಯ ಹೆಸರಲ್ಲಿ ತಿಂಗಳಿಗಿಷ್ಟು ನಗದು, ಆಡಿಟ್ ಇಲ್ಲ, ರಸೀದಿ ಇಲ್ಲ. ಗವರ್ನರ್‌ನ ಅಧಿಕೃತ ಮೂಲ ವೇತನವೋ, ವರ್ಷಕ್ಕೆ ಸುಮಾರು 22 ಲಕ್ಷ ನೈರಾ. ಇದಕ್ಕೆ ಎದುರಾಗಿ ಆಡಳಿತ ಪಕ್ಷ ಎಪಿಸಿ 2022ರಲ್ಲಿ ಗವರ್ನರ್ ಟಿಕೆಟ್ಟಿನ ಅರ್ಜಿಗೇ 5 ಕೋಟಿ ನೈರಾ ಶುಲ್ಕ ಇಟ್ಟಿತ್ತು, ಅಧ್ಯಕ್ಷ ಹುದ್ದೆಯದಕ್ಕೆ 10 ಕೋಟಿ. 22 ಲಕ್ಷದ ನೌಕರಿಗೆ 5 ಕೋಟಿಯ ಅರ್ಜಿ. ಲೆಕ್ಕ ಎಲ್ಲಿ ಸರಿಹೋಗುತ್ತದೆ ಎಂಬುದು ಅರ್ಜಿ ಹಾಕುವವನಿಗೂ ಗೊತ್ತು, ದುಡ್ಡು ಕೊಡುವವನಿಗೂ ಗೊತ್ತು.

ದುಡ್ಡೊಂದೇ ಸಾಕಿದ್ದರೆ ದುಡ್ಡಿರುವವರೆಲ್ಲ ಗಾಡ್‌ಫಾದರ್ ಆಗುತ್ತಿದ್ದರು. ಅವನ ಕೈಲಿರುವ ನಿಜವಾದ ಸರಕಿಗೆ ನೈಜೀರಿಯನ್ನರು ಕೊಟ್ಟ ಹೆಸರು ‘ಸ್ಟ್ರಕ್ಚರ್’. ವಾರ್ಡಿನಿಂದ ಮೇಲಕ್ಕೆ ಕಟ್ಟಿದ ಮನುಷ್ಯರ ಜಾಲ ಅದು. ವಾರ್ಡ್ ಅಧ್ಯಕ್ಷರು, ಸ್ಥಳೀಯ ಸರ್ಕಾರದ ಚೇರ್‌ಮನ್ನರು, ಬಸ್ ನಿಲ್ದಾಣದ ಚಾಲಕರ ಸಂಘದವರು, ಮಾರುಕಟ್ಟೆಯ ಹೆಂಗಸರ ಮುಖ್ಯಸ್ಥೆ. ಯೊರುಬಾ ಭಾಷೆಯಲ್ಲಿ ಈ ಕೊನೆಯವಳು ‘ಇಯಾಲೋಜಾ’, ಅಂದರೆ ಸಂತೆಯ ತಾಯಿ. ಲಾಗೋಸಿನಲ್ಲಿ, ಅಲ್ಲಿ ಗವರ್ನರ್ ಆಗಿದ್ದು ಮುಂದೆ ದೇಶದ ಅಧ್ಯಕ್ಷರಾದ ಬೋಲಾ ಟಿನುಬು ಅವರ ತಾಯಿ ಆ ಪಟ್ಟದಲ್ಲಿದ್ದರು, ಅವರ ನಂತರ ಟಿನುಬು ಮಗಳು ಕೂತರು. ಜಾಲದ ಒಡೆಯನಿಗೆ ಯೊರುಬಾದಲ್ಲಿ ‘ಬಾಬಾ ಇಸಾಲೆ’ ಎನ್ನುತ್ತಾರೆ, ಹೌಸಾದಲ್ಲಿ ‘ಉಬಾಂಗಿಡಾ’. ಎರಡರಲ್ಲೂ ಅಪ್ಪ ಇದ್ದಾನೆ.

ಈ ಜಾಲ ಟಿಕೆಟ್ ಹಂಚಿಕೆಯಲ್ಲೇ ಕೆಲಸ ಶುರುಮಾಡುತ್ತದೆ. ನಮ್ಮಲ್ಲಿ ಬಿ ಫಾರಂ ಸಿಗದವನು ಪಕ್ಷೇತರನಾಗಿ ನಿಂತು ಸೇಡು ತೀರಿಸಿಕೊಳ್ಳಬಹುದು. ನೈಜೀರಿಯಾದಲ್ಲಿ ಆ ಬಾಗಿಲೇ ಇಲ್ಲ, ಪಕ್ಷದ ಮೂಲಕವೇ ಬರಬೇಕು ಎಂದು ಸಂವಿಧಾನ ಹೇಳುತ್ತದೆ. 2022ರ ಚುನಾವಣಾ ಕಾಯ್ದೆಯ 84ನೇ ಕಲಮು ಒಳಚುನಾವಣೆಗೆ ಮೂರು ದಾರಿ ಕೊಟ್ಟಿತು: ಸದಸ್ಯರೆಲ್ಲ ಮತ ಹಾಕುವುದು, ಡೆಲಿಗೇಟುಗಳು ಮತ ಹಾಕುವುದು, ಇಲ್ಲವೇ ‘ಒಮ್ಮತ’. ಮೇಲಿನವರು ಇಷ್ಟಪಡುತ್ತಿದ್ದದ್ದು ಎರಡನೆಯದನ್ನು, ಏಕೆಂದರೆ ತಲೆ ಎಣಿಕೆ ಸುಲಭ. ಆ ವರ್ಷ ಎಪಿಸಿ ಪಕ್ಷದ ಅಧ್ಯಕ್ಷೀಯ ಒಳಚುನಾವಣೆಯಲ್ಲಿ ಪ್ರತಿ ಸ್ಥಳೀಯ ಸರ್ಕಾರಕ್ಕೆ ಮೂವರಂತೆ ಒಟ್ಟು 2,322 ಡೆಲಿಗೇಟುಗಳು. 20 ಕೋಟಿ ಮೀರಿದ ದೇಶದ ಆಡಳಿತ ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವವರು ಒಂದು ದೊಡ್ಡ ಕಲ್ಯಾಣಮಂಟಪದಲ್ಲಿ ಹಿಡಿಸುವಷ್ಟು ಜನ. ಟಿನುಬು 1,271 ಮತ ಪಡೆದು ಗೆದ್ದರು. ಇಂಥ ಕಡೆ ವ್ಯವಹಾರ ಡಾಲರಿನಲ್ಲಿ ನಡೆಯುತ್ತದೆ ಎಂಬ ಮಾತಿಗೆ ಸರಳವಾದ ಕಾರಣವೂ ಉಂಟು. ನೈರಾದ ಅತಿ ದೊಡ್ಡ ನೋಟು 1,000, ಅಂದಿನ ದರದಲ್ಲಿ ಅದು ಎರಡು ಡಾಲರ್ ಆಸುಪಾಸು. ಹತ್ತು ಲಕ್ಷ ನೈರಾ ಎಂದರೆ ಸಾವಿರ ನೋಟು. ನೂರು ಡಾಲರಿನ ನೋಟಾದರೆ ಜುಬ್ಬಾದ ಜೇಬಿನಲ್ಲಿ ಕೂರುತ್ತದೆ.

ಟಿಕೆಟ್ ಸಿಕ್ಕ ಮೇಲೂ ಜಾಲ ಬೇಕು. ಗವರ್ನರ್ ಆಗಲು ಅತಿ ಹೆಚ್ಚು ಮತ ಪಡೆದರೆ ಸಾಲದು, ಮೂರನೇ ಎರಡರಷ್ಟು ಸ್ಥಳೀಯ ಸರ್ಕಾರಗಳಲ್ಲಿ ಕನಿಷ್ಠ 25% ಮತ ಬಿದ್ದಿರಬೇಕು. ಒಂದು ಮೂಲೆಯಲ್ಲಿ ಮಾತ್ರ ಜನಪ್ರಿಯನಾದವನು ಇಲ್ಲೇ ಮುಗ್ಗರಿಸುತ್ತಾನೆ. ಮತಗಟ್ಟೆಯ ಫಲಿತಾಂಶ ‘ಇಸಿ8ಎ’ ಎಂಬ ಹಾಳೆಯಲ್ಲಿ ಬರೆಯಲ್ಪಡುತ್ತದೆ. ಅದು ವಾರ್ಡಿನಲ್ಲಿ ‘8ಬಿ’, ಸ್ಥಳೀಯ ಸರ್ಕಾರದಲ್ಲಿ ‘8ಸಿ’, ರಾಜ್ಯದಲ್ಲಿ ‘8ಡಿ’ ಆಗುತ್ತ ಮೇಲೇರುತ್ತದೆ. ಪ್ರತಿ ಮೆಟ್ಟಿಲಲ್ಲೂ ಅಂಕಿ ಬದಲಾಗುವ ಅವಕಾಶವಿದೆ, ಆದ್ದರಿಂದ ಪ್ರತಿ ಮೆಟ್ಟಿಲಲ್ಲೂ ನಿಮ್ಮ ಏಜೆಂಟ್ ಕೂತಿರಬೇಕು, ಸಹಿ ಮಾಡಬೇಕು, ಪ್ರತಿ ಇಟ್ಟುಕೊಳ್ಳಬೇಕು. ಲಾಗೋಸ್ ರಾಜ್ಯವೊಂದರಲ್ಲೇ 13,325 ಮತಗಟ್ಟೆಗಳು. ಅಷ್ಟು ಜನಕ್ಕೆ ಬೆಳಗಿನ ತಿಂಡಿ, ಪೆಟ್ರೋಲು, ದಿನಗೂಲಿ ಕೊಡಬೇಕು. ಅವರು ಎದುರಿನವನಿಗೆ ಮಾರಿಕೊಳ್ಳದಂತೆ ಕಾಯಲು ಅವರ ಮೇಲೆ ಇನ್ನೊಬ್ಬನನ್ನು ಇಡಬೇಕು. ಮತಗಟ್ಟೆಯ ಹಾಳೆಯನ್ನು ಫೋಟೋ ತೆಗೆದು ಜಾಲತಾಣಕ್ಕೆ ಏರಿಸುವ ಯಂತ್ರ ಬಂದ ಮೇಲೂ ಏಜೆಂಟನ ಬೆಲೆ ಇಳಿದಿಲ್ಲ.

ಇಷ್ಟೆಲ್ಲ ಒದಗಿಸಿದವನು ಗೆದ್ದವನನ್ನು ಹೇಗೆ ಕಟ್ಟಿಹಾಕಬೇಕು? ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂಬುದು ನೈಜೀರಿಯಾದ ಪ್ರತಿ ಗಾಡ್‌ಫಾದರ್‌ಗೂ ಮೊದಲೇ ಗೊತ್ತು.

ಅನಾಂಬ್ರಾದಲ್ಲಿ ಮೊದಲು ಬಂದದ್ದು ಕೈಕಾಗದ. ನಿಷ್ಠೆಯಿಂದಿರುತ್ತೇನೆ, ನೇಮಕಾತಿಗಳನ್ನು ಕೇಳಿ ಮಾಡುತ್ತೇನೆ ಎಂಬ ಲಿಖಿತ ಮುಚ್ಚಳಿಕೆ ಆಮೇಲೆ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಎರಡನೆಯದು ಒಕಿಜಾ ಊರಿನ ಗುಡಿಯಲ್ಲಿ ಆಣೆ. ಆಣೆ ಮುರಿದವನು ಸಾಯುತ್ತಾನೆ, ಸತ್ತವನ ಹೆಣ ಗುಡಿಗೇ ಸೇರುತ್ತದೆ ಎಂಬ ನಂಬಿಕೆ ಅಲ್ಲಿಯದು. 2004ರ ಆಗಸ್ಟ್‌ನಲ್ಲಿ ಪೊಲೀಸರು ಆ ಗುಡಿಯ ತೋಪಿಗೆ ನುಗ್ಗಿದಾಗ ತಲೆಬುರುಡೆಗಳೂ ಹೆಣಗಳೂ ಸಿಕ್ಕವು. ಕೋರ್ಟು ಜಾರಿ ಮಾಡದ ಕರಾರನ್ನು ದೇವರಿಂದ ಜಾರಿ ಮಾಡಿಸುವ ಉಪಾಯ ಇದು, ಮತ್ತು ಇದರ ದೌರ್ಬಲ್ಯವೂ ಇಲ್ಲೇ ಇದೆ: ಎದುರಿನವನು ಒಮ್ಮೆ ಧೈರ್ಯ ಮಾಡಿ ಮುರಿದು, ವರ್ಷ ಕಳೆದರೂ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರೆ ಆಣೆಯ ಅಂಗಡಿಯೇ ಮುಚ್ಚುತ್ತದೆ.

ಎನ್‌ಗಿಗೆ ಮುರಿದರು. ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಬೇರೊಬ್ಬ ಧಣಿಯ ನೆರಳಲ್ಲಿ ಕೂತಿದ್ದ ಎಂಬಡಿನುಜು ಕಾಲದಲ್ಲಿ ಸಂಬಳವಿಲ್ಲದೆ ಶಿಕ್ಷಕರು ಮುಷ್ಕರ ಹೂಡಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಎನ್‌ಗಿಗೆ ಸಂಬಳ ಕೊಟ್ಟರು, ರಸ್ತೆ ಮಾಡಿಸಿದರು, ಜನ ಅವರ ಹಿಂದೆ ನಿಂತರು. ವಸೂಲಿಗಾರನಿಗೆ ಉಳಿದದ್ದು ಬಲಪ್ರಯೋಗ. 2004ರ ನವೆಂಬರ್‌ನಲ್ಲಿ ಪುಂಡರ ಗುಂಪುಗಳು ಆವ್ಕಾದಲ್ಲಿ ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಹಚ್ಚಿದವು, ಪೊಲೀಸರು ನೋಡುತ್ತ ನಿಂತರು. ಕಾದಂಬರಿಕಾರ ಚಿನುವಾ ಅಚಿಬೆ ರಾಷ್ಟ್ರಪ್ರಶಸ್ತಿಯನ್ನು ಬೇಡವೆಂದದ್ದು ಆ ವರ್ಷವೇ, ಕಾರಣವಾಗಿ ತಮ್ಮ ತವರು ಅನಾಂಬ್ರಾದ ಸ್ಥಿತಿಯನ್ನೇ ಎತ್ತಿ ತೋರಿಸಿದ್ದರು. ಅಧ್ಯಕ್ಷ ಒಬಸಾಂಜೊ ತಮ್ಮ ಪಕ್ಷದ ಅಧ್ಯಕ್ಷರಿಗೆ ಬರೆದ ಪತ್ರ ಬಹಿರಂಗವಾದಾಗ ಇನ್ನೊಂದು ಸಂಗತಿ ಹೊರಬಿತ್ತು: ನೀನು ಆ ಚುನಾವಣೆ ಗೆದ್ದೇ ಇಲ್ಲವೆಂದು ನಿನಗೂ ಗೊತ್ತು ಎಂದು ಉಬಾ ತನ್ನೆದುರೇ ಎನ್‌ಗಿಗೆಗೆ ಹೇಳಿದ್ದರಂತೆ. ದೇಶದ ಅಧ್ಯಕ್ಷನ ಎದುರು, ಸಾಲಗಾರನಿಗೆ ಸಾಲ ನೆನಪಿಸುವ ಧಾಟಿಯಲ್ಲಿ. ಯಾರೂ ಜೈಲಿಗೆ ಹೋಗಲಿಲ್ಲ. 2006ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಚುನಾವಣೆಯ ನಿಜವಾದ ವಿಜೇತ ಪೀಟರ್ ಒಬಿ ಎಂದು ಹೇಳಿ ಎನ್‌ಗಿಗೆಯನ್ನು ಇಳಿಸಿತು.

ಆಣೆಗಿಂತ ಗಟ್ಟಿಯಾದ ಹಗ್ಗ ವಾಗ್ದಂಡನೆ, ಅಂದರೆ ಸದನವೇ ಗವರ್ನರನ್ನು ಕುರ್ಚಿಯಿಂದ ಇಳಿಸುವುದು. ಆದ್ದರಿಂದಲೇ ಜಾಣ ಗಾಡ್‌ಫಾದರ್ ಗವರ್ನರ್ ಅಭ್ಯರ್ಥಿಗಿಂತ ಹೆಚ್ಚು ತಲೆಕೆಡಿಸಿಕೊಳ್ಳುವುದು ಶಾಸಕರ ಪಟ್ಟಿಯ ಮೇಲೆ. ಸ್ಪೀಕರ್ ತನ್ನವನು, ಉಪಗವರ್ನರ್ ತನ್ನವನು, ಹಣಕಾಸು ಮತ್ತು ಲೋಕೋಪಯೋಗಿ ಕಮಿಷನರ್‌ಗಳು ತನ್ನವರು. ವಿಧಾನ ಹೀಗಿದೆ. 188ನೇ ವಿಧಿಯಂತೆ ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿದ ನೋಟಿಸನ್ನು ಸ್ಪೀಕರ್ 7 ದಿನದೊಳಗೆ ಗವರ್ನರಿಗೂ ಎಲ್ಲ ಸದಸ್ಯರಿಗೂ ತಲುಪಿಸಬೇಕು. ನೋಟಿಸ್ ಕೊಟ್ಟ 14 ದಿನದೊಳಗೆ ಚರ್ಚೆಯಿಲ್ಲದೆ, ಮೂರನೇ ಎರಡರ ಬಹುಮತದಲ್ಲಿ, ತನಿಖೆಯಾಗಲಿ ಎಂದು ಸದನ ನಿರ್ಣಯಿಸಬೇಕು. ಆಮೇಲೆ 7 ದಿನದೊಳಗೆ ರಾಜ್ಯದ ಮುಖ್ಯ ನ್ಯಾಯಾಧೀಶರು ಏಳು ಜನರ ಸಮಿತಿ ನೇಮಿಸಬೇಕು. ಅದಕ್ಕೆ ಮೂರು ತಿಂಗಳ ಕಾಲಾವಕಾಶ. ಆರೋಪ ಸಾಬೀತು ಎಂದು ವರದಿ ಬಂದರೆ 14 ದಿನದೊಳಗೆ ಮತ್ತೆ ಮೂರನೇ ಎರಡರ ಮತ.

ಇಲ್ಲಿ ಕೈಕೊಡುವ ಜಾಗಗಳು ಎರಡು. ಮುಖ್ಯ ನ್ಯಾಯಾಧೀಶರು ಸಮಿತಿಯನ್ನೇ ನೇಮಿಸದೆ ಕೂತರೆ ಎಲ್ಲವೂ ನಿಂತಿತು, ಅಥವಾ ನೇಮಿಸಿದ ಏಳು ಜನ ಆರೋಪ ಸಾಬೀತಾಗಿಲ್ಲ ಎಂದರೆ ಅಲ್ಲಿಗೇ ಮುಕ್ತಾಯ. ಇನ್ನೊಂದು, ಮೂರನೇ ಎರಡು ಎಂಬುದು ಸದನದ ಒಟ್ಟು ಸದಸ್ಯರ ಲೆಕ್ಕ, ಹಾಜರಿದ್ದವರದ್ದಲ್ಲ. ಓಯೊ ರಾಜ್ಯದಲ್ಲಿ 2006ರ ಜನವರಿ 12ರಂದು ಗವರ್ನರ್ ರಶೀದಿ ಲಡೋಜಾ ಅವರನ್ನು ಇಳಿಸಿದಾಗ ಇದ್ದದ್ದು 32ರಲ್ಲಿ 18 ಜನ. ಬೇಕಾದದ್ದು 22. ಶುರುವಿನ ಸಭೆ ನಡೆದದ್ದು ಸದನದಲ್ಲೂ ಅಲ್ಲ, ಹೋಟೆಲೊಂದರಲ್ಲಿ. ಡಿಸೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೂರಿಸಿತು. ಆದರೆ ನಡುವಿನ 11 ತಿಂಗಳು ಬೊಕ್ಕಸ ಉಪಗವರ್ನರ್ ಕೈಲಿತ್ತು. ಕೋರ್ಟು ಕುರ್ಚಿ ವಾಪಸು ಕೊಡಬಲ್ಲದು, ಕಳೆದ ತಿಂಗಳುಗಳನ್ನಲ್ಲ. ವಾಗ್ದಂಡನೆ ಅಕ್ರಮವೆಂದು ಗೊತ್ತಿದ್ದೂ ಮಾಡಿಸುವವರ ಲೆಕ್ಕಾಚಾರ ಇದೇ.

ಲಡೋಜಾ ಅವರ ಹಿಂದಿದ್ದವರು, ಆಮೇಲೆ ಮುಂದೆ ಅಡ್ಡ ನಿಂತವರು, ಇಬಾದಾನಿನ ಲಾಮಿಡಿ ಅಡೆಡಿಬು. ಮನಸ್ತಾಪದ ಕಾರಣವನ್ನು ಅವರು ಮುಚ್ಚಿಡಲಿಲ್ಲ: ಗವರ್ನರ್ ತಿಂಗಳಿಗೆ 6.5 ಕೋಟಿ ನೈರಾ ಸೆಕ್ಯುರಿಟಿ ವೋಟ್ ಎತ್ತುತ್ತಾನೆ, ಅದರಲ್ಲಿ ನನಗೆ ಬರಬೇಕಿದ್ದ 1.5 ಕೋಟಿ ಕೊಡಲಿಲ್ಲ. ಇದನ್ನು ಭ್ರಷ್ಟಾಚಾರದ ತಪ್ಪೊಪ್ಪಿಗೆ ಎಂದು ಅವರು ಭಾವಿಸಿರಲೇ ಇಲ್ಲ. ಅವರ ಮಟ್ಟಿಗೆ ಅದು ಬಾಡಿಗೆದಾರನ ಮೇಲಿನ ದೂರು. ಅದಕ್ಕೊಂದು ಕಾರಣ ಅವರ ಅಡುಗೆಮನೆ. ಮೊಲೆಟೆ ಬಡಾವಣೆಯ ಅವರ ಮನೆಯಲ್ಲಿ ಬಂದವರಿಗೆಲ್ಲ ಅಮಲಾ ಊಟ. ಒಣಗಿಸಿದ ಗೆಣಸಿನ ಜಾತಿಯ ಗಡ್ಡೆ ಯಾಮ್‌ನ ಹಿಟ್ಟನ್ನು ಕುದಿವ ನೀರಿಗೆ ಹಾಕಿ ಕೋಲಿನಲ್ಲಿ ತೊಳಸಿದರೆ ಅಮಲಾ, ಕಣ್ಣಿಗೆ ಥೇಟ್ ರಾಗಿಮುದ್ದೆ. ಜೊತೆಗೆ ಅಲಸಂದೆಯ ತೆಳ್ಳನೆ ಸಾರು ‘ಬೆಗಿರಿ’, ಸೆಣಬಿನ ಸೊಪ್ಪಿನ ಲೋಳೆಲೋಳೆ ಪಲ್ಯ ‘ಎವೆಡು’, ಮೇಲೆ ಮಾಂಸದ ತುಂಡು. ನೈಜೀರಿಯಾದ ಪತ್ರಿಕೆಗಳು ‘ಅಮಲಾ ರಾಜಕೀಯ’ ಎಂದು ಗೇಲಿ ಮಾಡಿದವು. ಉಂಡವರು ಗೇಲಿ ಮಾಡಲಿಲ್ಲ. ಶಾಲೆಯ ಫೀಸು, ಆಸ್ಪತ್ರೆಯ ಬಿಲ್ಲು, ಹೆಣ ಸಾಗಿಸುವ ಖರ್ಚು, ಇವಕ್ಕೆಲ್ಲ ಸರ್ಕಾರದ ಕಚೇರಿಗಿಂತ ಆ ಅಂಗಳವೇ ಹತ್ತಿರವಿತ್ತು. ಆ ಅಂಗಳದ ಒಲೆ ಉರಿಯಲು ತಿಂಗಳಿಗೆ ಇಷ್ಟು ಬೇಕು, ಅದು ಬೊಕ್ಕಸದಿಂದ ಬರಬೇಕು, ಎಂಬ ತರ್ಕದಲ್ಲಿ ಬಡವನ ಹಣ ಬಡವನಿಗೇ ಒಂದು ತುತ್ತಾಗಿ ಮರಳುತ್ತಿತ್ತು, ಮಧ್ಯದವನ ಹೆಸರು ಹೊತ್ತುಕೊಂಡು. ಅಡೆಡಿಬು 2008ರ ಜೂನ್‌ನಲ್ಲಿ ತೀರಿಕೊಂಡರು.

ಕ್ವಾರಾ ರಾಜ್ಯದ ಒಲುಸೊಲಾ ಸರಾಕಿ ಇದನ್ನೇ ಹೆಚ್ಚು ನಯವಾಗಿ, ಹೆಚ್ಚು ಕಾಲ ನಡೆಸಿದರು. 1979ರಲ್ಲಿ ತನ್ನ ಪಕ್ಷದವನನ್ನು ಗವರ್ನರ್ ಮಾಡಿದರು, ಅವನು ಮಾತು ಕೇಳದಾದಾಗ 1983ರಲ್ಲಿ ಎದುರು ಪಕ್ಷದವನನ್ನು ಗೆಲ್ಲಿಸಿದರು. 1999ರಲ್ಲಿ ಕೂರಿಸಿದವನನ್ನು 2003ರಲ್ಲಿ ಇಳಿಸಿ ಮಗ ಬುಕೋಲಾನನ್ನು ತಂದರು. ಮಗನಾದರೆ ಮುರಿಯುವುದಿಲ್ಲ ಎಂದುಕೊಂಡಿರಬೇಕು. 2011ರಲ್ಲಿ ಅಪ್ಪ ಮಗಳು ಬೆಮಿಸೊಲಾಳನ್ನು ಬೇರೊಂದು ಸಣ್ಣ ಪಕ್ಷದಿಂದ ನಿಲ್ಲಿಸಿದರು, ಮಗ ತನ್ನ ಅಭ್ಯರ್ಥಿಯನ್ನು ನಿಲ್ಲಿಸಿ ಅಪ್ಪನನ್ನೂ ತಂಗಿಯನ್ನೂ ಸೋಲಿಸಿದ. 2019ರಲ್ಲಿ ‘ಒ ತೊ ಗೇ’, ಸಾಕಪ್ಪ ಸಾಕು, ಎಂಬ ಕೂಗು ಇಡೀ ರಾಜ್ಯ ಹಬ್ಬಿ ಬುಕೋಲಾ ಸೆನೆಟ್ ಸ್ಥಾನವನ್ನೇ ಕಳೆದುಕೊಂಡರು. ಮುಂದಿನ ಜನವರಿ 2ರ ಬೆಳಕು ಹರಿಯುವ ಮೊದಲು ಹೊಸ ಸರ್ಕಾರದ ಜೆಸಿಬಿಗಳು ಇಲೊರಿನ್‌ನಲ್ಲಿ ‘ಇಲೆ ಅರುಗ್ಬೊ’ವನ್ನು, ಅಂದರೆ ಮುದುಕರ ಮನೆಯನ್ನು ಉರುಳಿಸಿದವು. ಹಿರಿಯ ಸರಾಕಿ ಮುದುಕಿಯರಿಗೆ ಊಟ, ಹಣ ಹಂಚುತ್ತಿದ್ದ ಕಟ್ಟಡ ಅದು. ಜಾಗ ಸರ್ಕಾರದ್ದು ಎಂದರು. ಕೆಡವುವುದನ್ನು ತಡೆಯಲು ರಾತ್ರಿಯಿಡೀ ಅಲ್ಲಿ ಕೂತಿದ್ದವರು ಆ ಮುದುಕಿಯರೇ.

ಈಗ ರಿವರ್ಸ್ ರಾಜ್ಯ, ತೈಲದೂರು ಪೋರ್ಟ್ ಹಾರ್ಕೋರ್ಟ್. ಸಾಕಿದ ಗಿಣಿ ಹದ್ದಾಗುವ ಕಥೆ ಇಲ್ಲಿ ತಲೆಮಾರಿನಂತೆ ಸಾಗಿದೆ. ಪೀಟರ್ ಒಡಿಲಿ ಗವರ್ನರ್ ಆಗಿದ್ದಾಗ ರೋಟಿಮಿ ಅಮೇಚಿ ಸ್ಪೀಕರ್. ಅಮೇಚಿ ಒಳಚುನಾವಣೆಯಲ್ಲಿ 6,575ರಲ್ಲಿ 6,527 ಮತ ಪಡೆದರು (ಈ ಅಂಕಿಯನ್ನು ಇನ್ನೊಮ್ಮೆ ಓದಿ, ಸ್ಟ್ರಕ್ಚರ್ ಎಂದರೆ ಇದೇ). ಆದರೆ ಒಬಸಾಂಜೊ, ಈ ಉಮೇದುವಾರಿಕೆಗೆ ‘ಕೆ-ಲೆಗ್’ ಇದೆ, ಮೊಣಕಾಲು ಒಳಬಾಗಿದೆ ಎಂದರು, ಪಕ್ಷ ಹೆಸರು ಬದಲಿಸಿತು. ಚುನಾವಣೆಯಲ್ಲಿ ನಿಂತು ಗೆದ್ದವರು ಸೆಲೆಸ್ಟೀನ್ ಒಮೆಹಿಯಾ. 2007ರ ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟ್, ಜನ ಮತ ಹಾಕಿದ್ದು ಪಕ್ಷಕ್ಕೆ, ಪಕ್ಷದ ಸರಿಯಾದ ಅಭ್ಯರ್ಥಿ ಅಮೇಚಿ ಎಂದು ತೀರ್ಪಿತ್ತು ಅವರನ್ನೇ ಗವರ್ನರ್ ಮಾಡಿತು, ಮತಪತ್ರದಲ್ಲಿ ಇಲ್ಲದಿದ್ದವರನ್ನು. ಇಂಥದ್ದು ಮರುಕಳಿಸದಿರಲಿ ಎಂದು 2010ರ ಚುನಾವಣಾ ಕಾಯ್ದೆಗೆ 141ನೇ ಕಲಮು ಸೇರಿತು. ಅಮೇಚಿ ಬಳಿ ಸಿಬ್ಬಂದಿ ಮುಖ್ಯಸ್ಥರಾಗಿದ್ದ ನ್ಯೇಸೊಮ್ ವೀಕೆ ಮುಂದೆ ಅವರ ವಿರೋಧಿಯಾಗಿ 2015ರಲ್ಲಿ ಗವರ್ನರ್ ಆದರು. ವೀಕೆ 2023ರಲ್ಲಿ ಆರಿಸಿದ್ದು ರಾಜ್ಯದ ಅಕೌಂಟೆಂಟ್ ಜನರಲ್ ಸಿಮಿನಲಾಯಿ ಫುಬಾರಾ ಅವರನ್ನು. ಮಾತು ಕಡಿಮೆ, ಸ್ವಂತ ಬೆಂಬಲಿಗರಿಲ್ಲ, ಲೆಕ್ಕವೆಲ್ಲ ಗೊತ್ತು. ಗಾಡ್‌ಫಾದರ್‌ಗಳು ಅಕೌಂಟೆಂಟರನ್ನು ಇಷ್ಟಪಡುತ್ತಾರೆ, ಲಾಗೋಸಿನಲ್ಲೂ ಹೀಗೇ ಆಗಿತ್ತು. ಎರಡೂ ಕಡೆ ಅದು ತಪ್ಪು ಲೆಕ್ಕವಾಯಿತು, ಏಕೆಂದರೆ ಬೊಕ್ಕಸದ ಎಲ್ಲ ಬಾಗಿಲುಗಳೂ ಗೊತ್ತಿರುವವನಿಗೆ ಸ್ವಂತ ಜಾಲ ಕಟ್ಟಲು ಹೆಚ್ಚು ದಿನ ಬೇಕಿಲ್ಲ.

ಐದು ತಿಂಗಳಲ್ಲಿ ಮುರಿಯಿತು. 2023ರ ಅಕ್ಟೋಬರ್ 29ರ ರಾತ್ರಿ ವಿಧಾನಸಭೆಯ ಕಟ್ಟಡ ಹೊತ್ತಿ ಉರಿಯಿತು, ಮರುದಿನ ವಾಗ್ದಂಡನೆಯ ನೋಟಿಸ್. 32 ಸದಸ್ಯರಲ್ಲಿ ವೀಕೆ ಕಡೆಯ 27 ಜನ ಡಿಸೆಂಬರ್‌ನಲ್ಲಿ ಎಪಿಸಿಗೆ ಹಾರಿದೆವು ಎಂದರು. ಫುಬಾರಾ ಕಟ್ಟಡವನ್ನೇ ಕೆಡವಿಸಿ, ಉಳಿದ ಬೆರಳೆಣಿಕೆಯ ಸದಸ್ಯರ ಮುಂದೆ 800 ಬಿಲಿಯನ್ ನೈರಾದ ಬಜೆಟ್ ಮಂಡಿಸಿ ಸಹಿ ಹಾಕಿದರು. ಅಧ್ಯಕ್ಷ ಟಿನುಬು ಮಾಡಿಸಿದ ಎಂಟಂಶದ ರಾಜಿ ಹೆಚ್ಚು ದಿನ ಬಾಳಲಿಲ್ಲ. ಮುಂದಿನ ವರ್ಷ ಸ್ಥಳೀಯ ಚುನಾವಣೆ ಬಂದಾಗ ಫುಬಾರಾ ಒಂದು ತಮಾಷೆಯ ತೊಡಕಿಗೆ ಸಿಕ್ಕಿದರು. ಅವರು ಗವರ್ನರ್, ಆದರೆ ಅವರ ಆಗಿನ ಪಕ್ಷ ಪಿಡಿಪಿಯ ರಾಜ್ಯಘಟಕ ವೀಕೆ ಕೈಲಿತ್ತು. ಬೆಂಬಲಿಗರನ್ನೆಲ್ಲ ಎಪಿಪಿ ಎಂಬ ಯಾರೂ ಕೇಳಿರದ ಪಕ್ಷಕ್ಕೆ ಸಾಗಿಸಿದರು. 2024ರ ಅಕ್ಟೋಬರ್ 5ರಂದು ಆ ಪಕ್ಷ 23ರಲ್ಲಿ 22 ಸ್ಥಳೀಯ ಸರ್ಕಾರ ಗೆದ್ದಿತು. ಬಾಡಿಗೆಗೆ ಪಕ್ಷ ಹಿಡಿದರೂ 22! ಈ ಚುನಾವಣೆ ನಡೆಸುವ ರಾಜ್ಯ ಆಯೋಗವನ್ನು ನೇಮಿಸುವವನು ಗವರ್ನರ್ ಎಂಬುದನ್ನು ಗಮನದಲ್ಲಿಟ್ಟರೆ ಅಚ್ಚರಿ ಕಡಿಮೆಯಾಗುತ್ತದೆ.

ಆದರೆ ಬಜೆಟ್ಟಿನ ತಪ್ಪು ಹೆಜ್ಜೆ ತಿರುಗಿ ಬಂತು. ಸರಿಯಾಗಿ ರಚನೆಯಾದ ಸದನದ ಒಪ್ಪಿಗೆಯಿಲ್ಲದೆ ಖರ್ಚು ಮಾಡುತ್ತಿದ್ದಾರೆಂದು 2025ರ ಫೆಬ್ರವರಿ 28ರಂದು ಸುಪ್ರೀಂ ಕೋರ್ಟ್ ರಾಜ್ಯದ ಪಾಲಿನ ಹಣ ತಡೆಹಿಡಿಯಿತು, ಸ್ಥಳೀಯ ಚುನಾವಣೆಯನ್ನೂ ರದ್ದು ಮಾಡಿತು. ಮಾರ್ಚ್ 18ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿ ಗವರ್ನರ್, ಉಪಗವರ್ನರ್, ಸದನ ಎಲ್ಲರೂ ಆರು ತಿಂಗಳು ಅಮಾನತು, ನಿವೃತ್ತ ನೌಕಾ ಅಧಿಕಾರಿಯೊಬ್ಬರ ಆಡಳಿತ. ವೀಕೆ ಅಷ್ಟೂ ದಿನ ಅಬುಜಾದಲ್ಲಿ ಟಿನುಬು ಸಂಪುಟದ ಮಂತ್ರಿ. ಮೇಲಿನ ಧಣಿ ಯಾರ ಕಡೆ ಎಂಬುದೇ ಕೆಳಗಿನ ಜಗಳವನ್ನು ತೀರ್ಮಾನಿಸುತ್ತದೆ: 2003ರ ಅನಾಂಬ್ರಾದಲ್ಲೂ ಅಷ್ಟೆ, ಪೊಲೀಸರು ಒಕ್ಕೂಟದ ಕೈಲಿರುತ್ತಾರೆ, ರಾಜ್ಯದ ಕೈಲಿ ಅಲ್ಲ.

ಎಡೊ ರಾಜ್ಯದಲ್ಲಿ ಕಾರ್ಮಿಕ ನಾಯಕ ಆಡಮ್ಸ್ ಒಶಿಯೊಮ್ಹೊಲೆ ಗಾಡ್‌ಫಾದರ್‌ಗಳನ್ನು ಮುಗಿಸುತ್ತೇನೆಂದೇ ಬಂದವರು. 2016ರಲ್ಲಿ ತಮ್ಮ ಉತ್ತರಾಧಿಕಾರಿಯಾಗಿ ಗಾಡ್ವಿನ್ ಒಬಾಸೆಕಿಯನ್ನು ಗೆಲ್ಲಿಸಿದರು. ಸೋತವರು ಪಿಡಿಪಿಯ ಇಜೆ-ಇಯಾಮು. 2020ರ ಹೊತ್ತಿಗೆ ಒಬಾಸೆಕಿ ಪಿಡಿಪಿಯಲ್ಲಿ, ಇಜೆ-ಇಯಾಮು ಎಪಿಸಿಯಲ್ಲಿ. ಅದೇ ಇಬ್ಬರು, ಅಂಗಿ ಅದಲುಬದಲು. ಒಶಿಯೊಮ್ಹೊಲೆ ತಾವು ನಾಲ್ಕು ವರ್ಷದ ಹಿಂದೆ ಬೈದಿದ್ದವನ ಪರ ಮತ ಕೇಳಬೇಕಾಯಿತು. ಈ ಕದನದ ಒಂದು ನಡೆ ಕಲಿಯುವಂಥದ್ದು. ಒಶಿಯೊಮ್ಹೊಲೆ ಆಗ ಎಪಿಸಿಯ ರಾಷ್ಟ್ರಾಧ್ಯಕ್ಷರು. ಅವರನ್ನು ಅವರದೇ ಊರಿನ ವಾರ್ಡ್ ಘಟಕ ಅಮಾನತು ಮಾಡಿತು. ಕೋರ್ಟು ಅದನ್ನು ಎತ್ತಿಹಿಡಿಯಿತು, ರಾಷ್ಟ್ರಾಧ್ಯಕ್ಷಗಿರಿಯೇ ಹೋಯಿತು. ಸ್ಟ್ರಕ್ಚರ್ ಕೆಳಗಿನಿಂದ ಕಟ್ಟಿದ್ದು, ಕೆಡವುವುದೂ ಅಲ್ಲಿಂದಲೇ, ಮತ್ತು ವಾರ್ಡಿನವರಿಗೆ ಹತ್ತಿರವಿರುವ ಬೊಕ್ಕಸ ಗವರ್ನರ್‌ನದು. ಒಬಾಸೆಕಿ 3,07,955 ಮತ ಪಡೆದು ಗೆದ್ದರು, ಎದುರಾಳಿಗೆ 2,23,619. ‘ಎಡೊ ನೊ ಬಿ ಲಾಗೋಸ್’, ಎಡೊ ಏನು ಲಾಗೋಸಲ್ಲ, ಎಂದು ಬೀದಿಬೀದಿಯಲ್ಲಿ ಕೂಗಿದರು. 2024ರಲ್ಲಿ ಒಬಾಸೆಕಿ ತಮ್ಮ ಉತ್ತರಾಧಿಕಾರಿಯನ್ನು ತಾವೇ ಆರಿಸಿ ನಿಲ್ಲಿಸಿದರು. ಒಶಿಯೊಮ್ಹೊಲೆ ಬೆಂಬಲಿಸಿದವರು ಗೆದ್ದರು.

ಲಾಗೋಸಿನಲ್ಲಿ ಏಕೆ ಮುರಿಯಲಿಲ್ಲ? ಟಿನುಬು 2007ರಲ್ಲಿ ಕುರ್ಚಿ ಬಿಟ್ಟ ಮೇಲೂ ಅವರ ಮಾತು ಮೀರಿ ಉಳಿದ ಗವರ್ನರ್ ಇಲ್ಲ. ಅರ್ಧ ಉತ್ತರ ಒಬಸಾಂಜೊ ಅವರ ಹಟದಲ್ಲಿದೆ. ಟಿನುಬು 37 ಹೊಸ ಸ್ಥಳೀಯ ಘಟಕಗಳನ್ನು ಸೃಷ್ಟಿಸಿದ ಸಿಟ್ಟಿಗೆ 2004ರಿಂದ ಲಾಗೋಸಿನ ಸ್ಥಳೀಯ ಸರ್ಕಾರಗಳ ಪಾಲನ್ನು ಕೇಂದ್ರ ತಡೆಹಿಡಿಯಿತು, ಸುಪ್ರೀಂ ಕೋರ್ಟ್ ಹೇಳಿದ ಮೇಲೂ. ಲಾಗೋಸ್ ತನ್ನದೇ ತೆರಿಗೆ ವಸೂಲಿ ಕಟ್ಟಿಕೊಂಡಿತು, ಅಬುಜಾದ ಚೆಕ್ಕಿಗೆ ಕಾಯುವುದು ತಪ್ಪಿತು. ಇನ್ನರ್ಧ ಉತ್ತರ, ವಸೂಲಿಯನ್ನು ಒಬ್ಬನ ಸಿಟ್ಟಿಗೆ ಬಿಡದೆ ಒಂದು ಕೂಟಕ್ಕೆ ವಹಿಸಿದ್ದು. ಗವರ್ನರ್ ಸಲಹಾ ಮಂಡಳಿ ಎಂಬ ಹಿರಿಯರ ಗುಂಪಿದೆ, ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಗಲಾಟೆಯಿಲ್ಲ, ಬೆಂಕಿಯಿಲ್ಲ. ಮಾತು ಕೇಳದವನಿಗೆ ಎರಡನೇ ಅವಧಿಯ ಟಿಕೆಟ್ ಇಲ್ಲ, ಅಷ್ಟೆ. ಅಕೌಂಟೆಂಟ್ ಜನರಲ್ ಆಗಿದ್ದು ಗವರ್ನರ್ ಆದ ಅಂಬೋಡೆಗೆ 2018ರಲ್ಲಿ ಆದದ್ದು ಇದೇ. ಸದಸ್ಯರೆಲ್ಲ ಮತ ಹಾಕುವ ಒಳಚುನಾವಣೆಯಲ್ಲಿ ಟಿನುಬು ಬಣದ ಸಾನ್ವೊ-ಒಲುಗೆ 9,70,851 ಮತ, ಹಾಲಿ ಗವರ್ನರ್‌ಗೆ 72,901. ಐದು ತಿಂಗಳ ನಂತರ ಇಡೀ ರಾಜ್ಯ ಮತ ಹಾಕಿದ ನಿಜವಾದ ಚುನಾವಣೆಯಲ್ಲಿ ಅದೇ ಸಾನ್ವೊ-ಒಲುಗೆ ಬಿದ್ದದ್ದು 7,39,445. ಪಕ್ಷದೊಳಗೆ ಬಿದ್ದ ಮತ ಊರೊಳಗೆ ಬಿದ್ದದ್ದಕ್ಕಿಂತ ಎರಡು ಲಕ್ಷಕ್ಕೂ ಹೆಚ್ಚು!

ಈ ಗೋಡೆ ಒಮ್ಮೆ ಬಿರುಕು ಬಿಟ್ಟಿತು. 2023ರ ಫೆಬ್ರವರಿ 25ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಸ್ಟ್ರಕ್ಚರ್ ಇಲ್ಲದವನು ಎಂದು ಎಲ್ಲರೂ ಹಂಗಿಸಿದ ಪೀಟರ್ ಒಬಿ, ಅನಾಂಬ್ರಾದಲ್ಲಿ ಕೋರ್ಟಿನಿಂದ ಗವರ್ನರ್ ಆಗಿದ್ದ ಅದೇ ಒಬಿ, ಲಾಗೋಸಿನಲ್ಲಿ 5,82,454 ಮತ ಪಡೆದರು. ಟಿನುಬುಗೆ ಸ್ವಂತ ರಾಜ್ಯದಲ್ಲಿ 5,72,606. ದೇಶವನ್ನು ಟಿನುಬು ಗೆದ್ದರು. ಮೂರು ವಾರ ಬಿಟ್ಟು ಮಾರ್ಚ್ 18ರಂದು ಗವರ್ನರ್ ಚುನಾವಣೆ. ಬೆದರಿಕೆ, ಹೊಡೆದಾಟದ ವರದಿಗಳು ಹಲವು ಮತಗಟ್ಟೆಗಳಿಂದ ಬಂದವು. ಸಾನ್ವೊ-ಒಲುಗೆ 7,62,134. ಒಬಿ ಪಕ್ಷದ ಅಭ್ಯರ್ಥಿಗೆ 3,12,329, ಮೂರು ವಾರದ ಹಿಂದೆ ಒಬಿಗೆ ಬಿದ್ದದ್ದಕ್ಕಿಂತ 2,70,125 ಕಡಿಮೆ.